600 ರೂಪಾಯಿಯ ಪ್ರವಾಸ

ಮಕ್ಕಳೇ, ಪ್ರವಾಸವೆಂದರೆ ನೀವು ಊಟಿ, ಗೋವಾ ಎನ್ನುತ್ತೀರಿ. ಕಳೆದ ವಾರ ನಾನೂ ನನ್ನ ಗೆಳೆಯನೂ ಹೋದ ಪ್ರವಾಸ ಉಪ್ಪುಂದದಲ್ಲಿ ಶುರುವಾಗಿ ಅದೇ ಸಂಜೆ ಉಪ್ಪುಂದದಲ್ಲೇ ಮುಗಿಯಿತು. ಬಜೆಟ್ ತಲಾ 300 ರೂಪಾಯಿ. ಲೆಕ್ಕ ನನ್ನದು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಬೇರೆ ಯಾವ ಕೆಲಸ ಕೊಟ್ಟಾರು?

ಗೆಳೆಯ ಐದನೇ ಕ್ಲಾಸು ಮುಗಿಸಿದ ವರ್ಷವೇ ಮುಂಬಯಿಯ ಹೋಟೆಲಿಗೆ ಹೋದವನು. ನಮ್ಮ ಕಡೆಯ ಎಷ್ಟೋ ಅಜ್ಜಂದಿರ ಕಥೆ ಇದೇ: ಹಗಲು ಕಪ್ಪು-ಬಸಿ ತೊಳೆಯುವುದು, ಸಂಜೆ ಕನ್ನಡ ರಾತ್ರಿಶಾಲೆ. ವರ್ಷಕ್ಕೊಮ್ಮೆ ಊರಿಗೆ ಬಂದರೆ ಮದುವೆ, ಗದ್ದೆ, ಕೋರ್ಟು ಎಂದು ರಜೆ ತೀರಿಹೋಗುತ್ತಿತ್ತು. ನಿವೃತ್ತನಾಗಿ ಬಂದವನು ಈಗ ಬರುವ ತಿಂಗಳು ಮಗನ ಜೊತೆ ಇರಲು ಮತ್ತೆ ಅಲ್ಲಿಗೇ ಹೊರಟಿದ್ದಾನೆ. ಇಲ್ಲಿನ ಮನೆಗೆ ಬೀಗ. "ಮರವಂತೆ ಬಸ್ಸಲ್ಲಿ ಹೋಪತಿಗೆ ಕಂಡದ್ದೇ, ಇಳ್ದದ್ದೇ ಇಲ್ಲ ಮಾರಾಯ" ಎಂದ. ಹೊರಟೆವು.

ನಾಗೂರು, ಕಿರಿಮಂಜೇಶ್ವರ, ನಾವುಂದ ದಾಟಿ ಮರವಂತೆಯಲ್ಲಿ ಇಳಿದೆವು. ಹೆದ್ದಾರಿ 66ರ ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಕೊಲ್ಲೂರಿನ ಕಡೆಯಿಂದ ಬರುವ ಈ ಹೊಳೆ ಕಡಲಿಗೆ ಇಷ್ಟು ಹತ್ತಿರ ಬಂದೂ ಸೇರುವುದಿಲ್ಲ, ದಕ್ಷಿಣಕ್ಕೆ ತಿರುಗುತ್ತದೆ. ನಡುವೆ ಇರುವುದು ಕಿರಿದಾದ ಮರಳ ದಿಬ್ಬ, ಅದರ ಮೇಲೆ ರಸ್ತೆ. ಮಳೆಗಾಲದಲ್ಲಿ ಕಡಲು ದಿಬ್ಬವನ್ನು ಕೊರೆಯುತ್ತದೆಂದೇ ದಂಡೆಗೆ ಬಂಡೆ ರಾಶಿ ಹಾಕಿದ್ದಾರೆ.

ಗೆಳೆಯನಿಗೆ ಎರಡೂ ನೀರಿನ ರುಚಿ ನೋಡುವ ಹುಚ್ಚು. ಕೈ ಹಿಡಿದು ಇಳಿಸಿದೆ. ಹೊಳೆಗೆ ಬೆರಳದ್ದಿ ನಾಲಗೆಗಿಟ್ಟವನು "ಇದೂ ಉಪ್ಪೇ!" ಎಂದ. ಬೇಸಗೆಯಲ್ಲಿ ಹೊಳೆಯ ನೀರು ಕಡಿಮೆ. ಭರತದ ಹೊತ್ತಿಗೆ ಗಂಗೊಳ್ಳಿ ಅಳಿವೆಯಿಂದ ಕಡಲ ನೀರು ಮೇಲೇರಿ ಬರುತ್ತದೆ.

ತ್ರಾಸಿಯಲ್ಲಿ ಬನ್ಸು, ಚಾ. ಹೋಟೆಲಿನವನಲ್ಲವೇ, ಬನ್ಸನ್ನು ಮುರಿದು ಮೂಸಿ "ಬಾಳೆಹಣ್ಣು ಸಾಲ" ಎಂದು ತೀರ್ಪು ಕೊಟ್ಟ. ಆದರೆ ಟೇಬಲ್ ಒರೆಸಿದ ಹುಡುಗನ ಕೈಗೆ ಸದ್ದಿಲ್ಲದೆ 20 ರೂಪಾಯಿ ಇಟ್ಟ. ಬಜೆಟ್‌ನಲ್ಲಿ ಇಲ್ಲದ ಖರ್ಚು. ನಾನು ಬಾಯಿ ಮುಚ್ಚಿಕೊಂಡು ಬರೆದುಕೊಂಡೆ.

ಅಲ್ಲಿಂದ ಗಂಗೊಳ್ಳಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಸೇರಿ ಪಂಚಗಂಗಾವಳಿಯಾಗಿ ಕಡಲು ಸೇರುವ ಜಾಗ. ಬೆಳಿಗ್ಗೆ ತಪ್ಪಿಸಿಕೊಂಡ ಹೊಳೆ ಇಲ್ಲಿ ಸಿಕ್ಕಿತು. ಬಿಸಿಲು ಜೋರಿತ್ತು, ಬಂದರಿನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಊಟ ಮುಗಿಸಿ ಬಸ್ಸು ಹತ್ತಿ, ನಮ್ಮೂರನ್ನೂ ದಾಟಿ ಬೈಂದೂರಿಗೆ ಬಂದೆವು.

ಸೋಮೇಶ್ವರದ ಕಡಲತೀರಕ್ಕೆ ಆಟೋ. ದೇವಸ್ಥಾನಕ್ಕೆ ಕೈಮುಗಿದು ಬಂಡೆಯ ಮೇಲೆ ಕುಳಿತೆವು. ಹೊತ್ತು ಮುಳುಗುವವರೆಗೆ ಅವನು ಮಾತಾಡಲಿಲ್ಲ. ಆಮೇಲೆ, "ಮುಂಬಯಿಲೂ ಇದೇ ಕಡಲ್ ಅಲ್ದಾ?" ಎಂದ. ಹೌದೆಂದೆ.

ಬಸ್ಸು 164, ತಿಂಡಿ 110, ಊಟ 180, ಆಟೋ 80, ಆ 20. ಉಳಿದದ್ದು 46 ರೂಪಾಯಿ. ಅವನ ಪಾಲು 23 ಕೊಡಹೋದರೆ ತೆಗೆದುಕೊಳ್ಳಲಿಲ್ಲ. "ನಾನ್ ತಿರ್ಗಿ ಬಪ್ಪುತನ್ಕ ನಿನ್ನತ್ರವೇ ಇರ್ಲಿ. ಬಡ್ಡಿ ಎಷ್ಟ್ ಕೊಡ್ತೆ?" ಎಂದು ಕೇಳಿದ. ಡೈರಿಯಲ್ಲಿ ಠೇವಣಿ ಎಂದು ಬರೆದಿಟ್ಟಿದ್ದೇನೆ.