‘ಕುಡಿದಿದ್ದಾನೆ, ಮಲಗಲಿ’ ಅನ್ನುವ ಮುಂಚೆ ಕಣ್ಣು ನೋಡಿ

ರಾತ್ರಿ ಬೈಕಿನಿಂದ ಬಿದ್ದವನ ಸುತ್ತ ಜನ ಸೇರಿದಾಗ ನಾವು ಮತ್ತೆ ಮತ್ತೆ ಕೇಳಿರುವ ಮಾತು ಒಂದೇ: ‘ಕುಡಿದಿದ್ದಾನೆ ಬಿಡಿ, ಮಲಗಿ ಎದ್ದರೆ ಸರಿಹೋಗ್ತಾನೆ.’ ಈ ಮಾತು ಜೀವ ತೆಗೆಯಬಲ್ಲದು. ಬಾಯಲ್ಲಿ ವಾಸನೆ ಬಂತೆಂದರೆ ತಲೆಗೆ ಪೆಟ್ಟಾಗಿಲ್ಲ ಎಂದರ್ಥವಲ್ಲ.

ಕಣ್ಣಿನ ನಡುವಿನ ಕಪ್ಪು ಚುಕ್ಕೆಯೇ ಪಾಪೆ. ಒಂದು ಕಣ್ಣಿಗೆ ಬೆಳಕು ಬಿಟ್ಟರೂ ಎರಡೂ ಪಾಪೆ ಒಟ್ಟಿಗೆ ಕುಗ್ಗಬೇಕು. ಕುಗ್ಗಿಸುವ ಕೆಲಸ ಮಿದುಳಿನಿಂದ ಬರುವ ಮೂರನೇ ನರದ್ದು. ತಲೆಬುರುಡೆಯೊಳಗೆ ರಕ್ತ ಸೋರಿ ಒತ್ತಡ ಏರಿದರೆ ಈ ನರ ಅದುಮಿಹೋಗುತ್ತದೆ. ಆಗ ಒಂದು ಪಾಪೆ, ಹೆಚ್ಚಾಗಿ ರಕ್ತ ಸೋರಿದ ಬದಿಯದು, ಅಗಲವಾಗಿ ನಿಂತುಬಿಡುತ್ತದೆ. ಬೆಳಕು ಬಿಟ್ಟರೂ ಕುಗ್ಗುವುದಿಲ್ಲ. ಹೆಂಡ ಕುಡಿದರೆ ಹೀಗೆ ಒಂದೇ ಪಾಪೆ ಅಗಲವಾಗುವುದಿಲ್ಲ.

ಆದರೆ ಇದು ತಡವಾಗಿ ಕಾಣುವ ಗುರುತು. ಅದಕ್ಕೂ ಮುಂಚೆ ವಾಂತಿ, ಏರುತ್ತಲೇ ಇರುವ ತಲೆನೋವು, ಮಂಪರು, ತೊದಲು ಮಾತು, ಒಂದು ಬದಿಯ ಕೈಕಾಲಿನ ಸೋಲು, ಫಿಟ್ಸ್ ಬರಬಹುದು. ಕೆಲವರು ಎದ್ದು ಚೆನ್ನಾಗಿಯೇ ಮಾತಾಡಿ, ಗಂಟೆಗಳ ನಂತರ ಕುಸಿಯುತ್ತಾರೆ. ಪಾಪೆ ಸರಿಯಿದೆ ಎಂದು ಸುಮ್ಮನೆ ಕೂರುವಂತಿಲ್ಲ.

ಹೊಲದ ಅಪಾಯಗಳನ್ನೂ ಕಣ್ಣು ಹೇಳುತ್ತದೆ. ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಮೈಗೆ ಹತ್ತಿದರೆ ಎರಡೂ ಪಾಪೆ ಸೂಜಿಮೊನೆಯಷ್ಟು ಕಿರಿದಾಗಬಹುದು. ಜೊಲ್ಲು, ಬೆವರು, ಮಾಂಸಖಂಡಗಳ ಅದುರು ಜೊತೆಗಿರುತ್ತವೆ. ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಎರಡೂ ರೆಪ್ಪೆ ಜೋತುಬಿದ್ದರೆ, ನುಂಗಲು ಕಷ್ಟವಾದರೆ, ಕಟ್ಟುಹಾವು ಕಚ್ಚಿರಬಹುದು. ಅದರ ಕಡಿತ ನೋಯದೆಯೂ ಇರಬಹುದು, ಗಾಯ ಕಾಣದೆಯೂ ಇರಬಹುದು.

‘ಹಳ್ಳಿಯವರೆಲ್ಲ ಡಾಕ್ಟರಾಗಬೇಕಾ?’ ಎಂದು ಕೇಳಬಹುದು. ಬೇಡ. ಹುಟ್ಟಿನಿಂದಲೇ ಪಾಪೆಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುವವರಿದ್ದಾರೆ. ಪೊರೆ ಆಪರೇಷನ್ ಆದವರ, ಕಣ್ಣಿಗೆ ಹನಿ ಹಾಕಿಸಿಕೊಂಡವರ ಪಾಪೆಯೂ ಬೇರೆಯಾಗಿ ಕಾಣಬಹುದು. ಇದನ್ನೆಲ್ಲ ತೂಗಿ ನೋಡುವುದು ವೈದ್ಯರ ಕೆಲಸ. ನಮ್ಮ ಕೆಲಸ ಇಷ್ಟೇ: ಮೊದಲು 108ಕ್ಕೆ ಕರೆ ಮಾಡುವುದು, ಕುತ್ತಿಗೆ ಅಲ್ಲಾಡಿಸದಿರುವುದು, ಬಾಯಿಗೆ ನೀರು ಹಾಕದಿರುವುದು. ಗಾಡಿ ಬರುವಷ್ಟರಲ್ಲಿ ಮೊಬೈಲ್ ಬ್ಯಾಟರಿ ಬಿಟ್ಟು ಎರಡೂ ಕಣ್ಣು ನೋಡಿ, ಕಂಡದ್ದನ್ನೂ ಹೊತ್ತನ್ನೂ ಬಂದವರಿಗೆ ಹೇಳುವುದು.

ಆಸ್ಪತ್ರೆಗಳಿಂದಲೂ ನಮ್ಮದೊಂದು ಬೇಡಿಕೆ ಇದೆ. ತಲೆಗೆ ಪೆಟ್ಟಾದವರನ್ನು ದೊಡ್ಡಾಸ್ಪತ್ರೆಗೆ ಕಳಿಸುವಾಗ ಚೀಟಿಯಲ್ಲಿ ಬರೀ ‘ಮುಂದಿನ ಚಿಕಿತ್ಸೆಗೆ’ ಎಂದು ಗೀಚಿದರೆ ಸಾಲದು. ಎಚ್ಚರ ಎಷ್ಟಿತ್ತು, ಪಾಪೆಗಳ ಅಳತೆ ಎಷ್ಟು, ಬೆಳಕಿಗೆ ಕುಗ್ಗಿದವೇ, ನೋಡಿದ ಹೊತ್ತು ಯಾವುದು ಎಂದು ಬರೆಯಬೇಕು. ಎಚ್ಚರ ಅಳೆಯುವ ಗ್ಲಾಸ್ಗೋ ಮಾಪನ 1974ರಿಂದಲೇ ಇದೆ. ಅದಕ್ಕೆ ಯಂತ್ರವೇನೂ ಬೇಡ. ಮೊದಲು ಹೇಗಿತ್ತು ಎಂದು ಗೊತ್ತಿದ್ದರೆ ತಾನೇ, ಹದಗೆಟ್ಟಿದೆ ಎಂದು ಮುಂದಿನ ಡಾಕ್ಟರಿಗೆ ತಿಳಿಯುವುದು?

ಚೀಟಿಯಲ್ಲಿ ಅದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಕೇಳುವುದು ತಪ್ಪಲ್ಲ.