ಟಿಕೆಟ್ ಮೇಲೆ ‘ಲೈವ್’, ವೇದಿಕೆ ಮೇಲೆ ಟ್ರ್ಯಾಕ್

2017ರ ಮೇ 10ರಂದು ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಜಸ್ಟಿನ್ ಬೀಬರ್ ಹಾಡಿ ಹೋದರು. ಹಾಡಿದರೋ ಇಲ್ಲವೋ ಎಂಬುದೇ ಆಮೇಲಿನ ಜಗಳ. ಬಹುಪಾಲು ಹಾಡುಗಳಿಗೆ ಬರೀ ತುಟಿಯಾಡಿಸಿದರು ಎಂದು ಒಂದು ಗುಂಪು ಸಿಟ್ಟಾಯಿತು. ಅಂಥ ತಾರೆ ನಮ್ಮೂರಿಗೆ ಬಂದದ್ದೇ ದೊಡ್ಡದು, ಸುಮ್ಮನಿರಿ ಎಂದಿತು ಇನ್ನೊಂದು. ಟಿಕೆಟ್ ದರ ನಾಲ್ಕು ಸಾವಿರದ ಆಸುಪಾಸಿನಿಂದ ಶುರುವಾಗಿ 75 ಸಾವಿರ ದಾಟಿತ್ತು. ಹಾಗಾಗಿ ಅದು ಬರೀ ಅಭಿರುಚಿಯ ಜಗಳ ಆಗಿರಲಿಲ್ಲ.

ಅಂದಿನಿಂದ ಇಂದಿನವರೆಗೆ ದೊಡ್ಡ ಕಾರ್ಯಕ್ರಮ ನಡೆದಾಗಲೆಲ್ಲ ಈ ಚರ್ಚೆ ಮತ್ತೆ ಮತ್ತೆ ಏಳುತ್ತಿದೆ. ಮುಂಬೈ, ದೆಹಲಿ, ಹೈದರಾಬಾದುಗಳಲ್ಲಿ ಕೆಲಸ ಮಾಡುವ ನಮ್ಮಂಥವರ ಆಫೀಸಿನಲ್ಲಿ ಸೋಮವಾರ ಊಟದ ಹೊತ್ತಿಗೆ ಯಾರಾದರೊಬ್ಬರು ಮೊಬೈಲ್ ಮುಂದೆ ಹಿಡಿದು, ‘ನೋಡಿ, ಮೈಕ್ ಬಾಯಿಂದ ದೂರ ಹೋದರೂ ದನಿ ಕಮ್ಮಿಯಾಗಲಿಲ್ಲ’ ಎನ್ನುತ್ತಾರೆ.

ಈ ಪುರಾವೆಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಹಾಡುವುದು ಮತ್ತು ತುಟಿಯಾಡಿಸುವುದು ಎಂಬ ಎರಡೇ ಸ್ಥಿತಿಗಳು ಇಂದಿನ ವೇದಿಕೆಯಲ್ಲಿಲ್ಲ. ಗಾಯಕಿಯ ಕಿವಿಯೊಳಗಿನ ಪುಟ್ಟ ಸ್ಪೀಕರಿನಲ್ಲಿ ತಾಳದ ಕ್ಲಿಕ್ ಓಡುತ್ತಿರುತ್ತದೆ. ಅದಕ್ಕೆ ಹೊಂದಿಸಿ ಮೊದಲೇ ಮುದ್ರಿಸಿದ ವಾದ್ಯಗಳು, ಸಹಗಾಯನ, ಕೆಲವೊಮ್ಮೆ ಆಕೆಯದೇ ಮುಖ್ಯ ದನಿ ಬರುತ್ತಿರುತ್ತದೆ. ಮೇಲೆ ಆಕೆ ನಿಜವಾಗಿಯೂ ಹಾಡುತ್ತಿರಬಹುದು. ಕುಣಿತ ಜೋರಾದಾಗ ಧ್ವನಿ ತಂತ್ರಜ್ಞ ಮುದ್ರಿತ ದನಿಯನ್ನು ಏರಿಸಿ, ಉಸಿರು ಮರಳಿದಾಗ ಇಳಿಸುತ್ತಾನೆ. ಸ್ವರ ಜಾರಿದರೆ ಅಲ್ಲಿಯೇ ತಿದ್ದುವ ಯಂತ್ರವೂ ಇದೆ. ಇದರಲ್ಲಿ ಎಷ್ಟು ಪಾಲು ಲೈವ್ ಎಂದು 50 ಮೀಟರ್ ದೂರದ ಫೋನ್ ವಿಡಿಯೊ ಹೇಳಲಾರದು. ದಕ್ಷಿಣ ಕೊರಿಯಾದ ಪಾಪ್ ಅಭಿಮಾನಿಗಳಲ್ಲಿ ಸಾಫ್ಟ್‌ವೇರ್ ಬಳಸಿ ವಾದ್ಯದ ಸದ್ದನ್ನು ಕಳೆದು ಬರೀ ದನಿ ಕೇಳಿಸುವ ವಿಡಿಯೊಗಳೇ ಒಂದು ಪ್ರಕಾರವಾಗಿವೆ. ಆದರೆ ಕಳೆಯುವಾಗ ದನಿಯ ಒಂದಿಷ್ಟು ಭಾಗವೂ ಹೋಗುತ್ತದೆ, ಉಳಿದದ್ದು ಒರಟಾಗಿ ಕೇಳುತ್ತದೆ. ಒಳ್ಳೆಯ ಗಾಯಕರೂ ಅದರಲ್ಲಿ ಸೋತಂತೆ ಕಾಣುತ್ತಾರೆ.

ತುಟಿಯಾಟದ ಪರ ವಾದಿಸುವವರ ಕೈಯಲ್ಲೂ ಬಲವಾದ ಉದಾಹರಣೆಗಳಿವೆ. 1983ರ ಮೋಟೌನ್ ವಾರ್ಷಿಕೋತ್ಸವದಲ್ಲಿ ಮೈಕೆಲ್ ಜಾಕ್ಸನ್ ಮೊದಲ ಬಾರಿ ಮೂನ್‌ವಾಕ್ ತೋರಿಸಿದಾಗ ‘ಬಿಲ್ಲಿ ಜೀನ್’ ಮುದ್ರಿತ ದನಿಯಲ್ಲೇ ಓಡಿತ್ತು. ಜನ ನೆನಪಿಟ್ಟುಕೊಂಡದ್ದು ಪಾದಗಳನ್ನು. 2006ರ ಟ್ಯೂರಿನ್ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಪವರೋಟಿ ಹಾಡಿದ್ದೂ ಮೊದಲೇ ಮುದ್ರಿಸಿದ್ದೇ. ಕೊರೆಯುವ ಚಳಿ, ಕುಸಿಯುತ್ತಿದ್ದ ಆರೋಗ್ಯ. ಮರುವರ್ಷ ಅವರು ತೀರಿಕೊಂಡರು. ಕಾರಣಗಳು ನ್ಯಾಯವಾದವೇ. ಆದರೆ ಆ ರಾತ್ರಿ ಕೇಳಿದವರಿಗೆ ವಿಷಯ ಗೊತ್ತಾದದ್ದು ಆಮೇಲೆ.

ನನಗೆ ತಕರಾರಿರುವುದು ಇಲ್ಲಿ. ಇನ್ನೊಬ್ಬರ ದನಿಗೆ, ಮುದ್ರಿತ ದನಿಗೆ ತುಟಿಯಾಡಿಸುವುದು ನಮಗೇನೂ ಹೊಸದಲ್ಲ. ಪಿ.ಬಿ. ಶ್ರೀನಿವಾಸ್ ದನಿಗೆ ರಾಜ್‌ಕುಮಾರ್ ತುಟಿಯಾಡಿಸಿದ ಕಾಲವನ್ನು ಯಾರೂ ಮೋಸ ಎನ್ನುವುದಿಲ್ಲ. ಯಾರು ಹಾಡಿದರು ಎಂಬುದು ಹೆಸರುಪಟ್ಟಿಯಲ್ಲಿ ಇರುತ್ತಿತ್ತು. ಮುಂಬೈನ ಸಭಾಂಗಣಗಳಲ್ಲಿ ನಡೆಯುವ ಯಕ್ಷಗಾನದಲ್ಲೂ ಭಾಗವತರು ಎಲ್ಲರಿಗೂ ಕಾಣುವಂತೆ ಕೂತು ಹಾಡುತ್ತಾರೆ, ವೇಷಧಾರಿ ಕುಣಿಯುತ್ತಾನೆ. ಹೀಗಾಗಿ ದನಿ ಮತ್ತು ದೇಹ ಬೇರೆ ಬೇರೆ ಎಂಬುದೇ ಅಪರಾಧವಲ್ಲ, ಯಾರ ದನಿ ಎಂದು ಕೇಳುಗನಿಗೆ ಹೇಳದೆ ಇರುವುದು ಅಪರಾಧ.

ಹೇಳುವ ಪದ್ಧತಿಯೂ ತಾನಾಗಿ ಬಂದದ್ದಲ್ಲ. 1949ರ ‘ಮಹಲ್’ ಚಿತ್ರದ ‘ಆಯೇಗಾ ಆನೇವಾಲಾ’ ಹಾಡಿನ ಮೊದಲ ತಟ್ಟೆಗಳ ಮೇಲೆ ಗಾಯಕಿಯ ಹೆಸರು ಕಾಮಿನಿ ಎಂದಿತ್ತು. ಅದು ಮಧುಬಾಲಾ ಮಾಡಿದ ಪಾತ್ರದ ಹೆಸರು! ಹಾಡಿದ್ದು ಯಾರು ಎಂದು ಕೇಳುಗರು ಆಕಾಶವಾಣಿಯನ್ನು ಕಾಡಿದ ಮೇಲೆ ಲತಾ ಮಂಗೇಶ್ಕರ್ ಹೆಸರು ಹೊರಬಂತು. ಆ ಕೇಳುಗರೂ ಇವತ್ತಿನ ಅಭಿಮಾನಿಗಳ ಹಾಗೆ ಹಟಮಾರಿಗಳೇ ಇದ್ದಿರಬೇಕು.

ಅಮೆರಿಕದಲ್ಲಿ ಮಿಲಿ ವನಿಲಿ ಎಂಬ ಜೋಡಿಗೆ ಬಂದಿದ್ದ ಗ್ರ್ಯಾಮಿಯನ್ನು 1990ರ ನವೆಂಬರಿನಲ್ಲಿ ವಾಪಸ್ ಪಡೆದರು. ಆಲ್ಬಂನಲ್ಲಿ ಅವರ ದನಿಯೇ ಇರಲಿಲ್ಲ. ಮುಂದೆ ಕೋರ್ಟಿನ ಒಪ್ಪಂದದಂತೆ ಆಲ್ಬಂ ಕೊಂಡವರಿಗೂ ಕಾರ್ಯಕ್ರಮಕ್ಕೆ ಹೋದವರಿಗೂ ಒಂದಿಷ್ಟು ಹಣ ಮರಳಿಸುವ ಏರ್ಪಾಡಾಯಿತು. ಚೀನಾದಲ್ಲಂತೂ ವಾಣಿಜ್ಯ ಕಾರ್ಯಕ್ರಮಗಳಲ್ಲಿ ತುಟಿಯಾಡಿಸುವುದೇ ನಿಷಿದ್ಧ. 2023ರ ಕೊನೆಯಲ್ಲಿ ತೈವಾನಿನ ಮೇಡೇ ತಂಡದ ಶಾಂಘೈ ಕಾರ್ಯಕ್ರಮಗಳ ಮೇಲೆ ದೂರು ಬಂದಾಗ ಅಧಿಕಾರಿಗಳು ತನಿಖೆಗೇ ಇಳಿದರು. ಹಾಡುಗಾರರ ಗಂಟಲು ಪರೀಕ್ಷಿಸುವ ಸರ್ಕಾರ ನಮಗೆ ಬೇಡ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವ ಜಾಹೀರಾತನ್ನೂ ದಾರಿ ತಪ್ಪಿಸುವ ಜಾಹೀರಾತು ಎಂದೇ ಕರೆಯುತ್ತದೆ. ಆಯೋಜಕರನ್ನು ಪ್ರಶ್ನಿಸಲು ಅಷ್ಟು ಸಾಕು. ಟಿಕೆಟ್ ಪುಟದಲ್ಲಿ ವಯೋಮಿತಿ, ಗೇಟ್ ಸಂಖ್ಯೆ, ಒಳಗೆ ಒಯ್ಯಬಾರದ ಸಾಮಾನುಗಳ ಪಟ್ಟಿ ಹಾಕುವವರಿಗೆ, ‘ಕೆಲವು ಹಾಡುಗಳಲ್ಲಿ ಮುದ್ರಿತ ಮುಖ್ಯ ದನಿ ಬಳಸಲಾಗುವುದು’ ಎಂಬ ಒಂದು ಸಾಲು ಸೇರಿಸುವುದು ಕಷ್ಟವೇ? ಆಮೇಲೆ 10 ಸಾವಿರ ಕೊಡುವುದೋ ಬಿಡುವುದೋ ನಮ್ಮ ಇಷ್ಟ.

ಈ ಚರ್ಚೆಯಲ್ಲಿ ಯಾರೂ ಎತ್ತದ ಇನ್ನೊಂದು ಮಾತಿದೆ. ಟ್ರ್ಯಾಕ್ ಬಂದಾಗ ಮೊದಲು ವೇದಿಕೆಯಿಂದ ಇಳಿಯುವವನು ತಾರೆಯಲ್ಲ, ವಾದ್ಯದವನು. ಅದನ್ನು ನೋಡಲು ಕ್ರೀಡಾಂಗಣಕ್ಕೇ ಹೋಗಬೇಕಿಲ್ಲ. ಹೊರನಾಡಿನ ನಮ್ಮ ಸಂಘಗಳ ರಾಜ್ಯೋತ್ಸವದಲ್ಲಿ ಒಂದು ಕಾಲಕ್ಕೆ ಕೀಬೋರ್ಡ್, ತಬಲಾ, ಕೊಳಲಿನವರ ಸಮೇತ ವಾದ್ಯಗೋಷ್ಠಿ ನಡೆಯುತ್ತಿತ್ತು. ಈಗ ಎಷ್ಟೋ ಕಡೆ ಒಬ್ಬ ಗಾಯಕ, ಒಂದು ಲ್ಯಾಪ್‌ಟಾಪ್, ಕರೋಕೆ ಟ್ರ್ಯಾಕ್. ಖರ್ಚು ಕಮ್ಮಿ, ಪ್ರಯಾಣದ ತಲೆನೋವಿಲ್ಲ ಎಂಬ ಸಮಿತಿಯವರ ಲೆಕ್ಕ ತಪ್ಪಲ್ಲ. ಆದರೂ ನವೆಂಬರಿನ ಬಜೆಟ್ ಸಭೆಯಲ್ಲಿ ಊಟದ ಐಟಂ ಒಂದು ಕಡಿಮೆ ಮಾಡಿ ಇಬ್ಬರು ವಾದ್ಯದವರನ್ನು ಕರೆಸೋಣ ಎಂದು ಒಬ್ಬರಾದರೂ ಬಾಯಿ ಬಿಡಬಹುದಲ್ಲ?