ಗುಂಡಿ ಒತ್ತದವರ ವಿಮರ್ಶೆ

ಸಾಹಿತ್ಯದ ವಿದ್ಯಾರ್ಥಿಗೆ ವಿಡಿಯೋ ಗೇಮಿನಲ್ಲೇನು ಕೆಲಸ ಎಂದು ಕೇಳುವವರಿಗೆ ಗೇಮುಗಳ ಪರ ವಹಿಸುವವರು ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: 'ಅದರಲ್ಲೂ ಒಳ್ಳೆಯ ಕಥೆ ಇರುತ್ತದೆ, ಕಾದಂಬರಿಯ ಹಾಗೆ.' ಪ್ರಶ್ನೆಗಿಂತ ಈ ಉತ್ತರವೇ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ.

ಕೆಲವು ವಾರಗಳಿಂದ ಪಿಎಚ್‌ಡಿಯ ಮೂರನೇ ಅಧ್ಯಾಯವನ್ನು ಪಕ್ಕಕ್ಕಿಟ್ಟು 'ಕ್ರೋನೋ ಟ್ರಿಗರ್' ಆಡುತ್ತಿದ್ದೇನೆ. ಜಪಾನಿನ ಸ್ಕ್ವೇರ್ ಕಂಪನಿ 1995ರಲ್ಲಿ ತಂದ ಆಟ. 'ಡ್ರ್ಯಾಗನ್ ಕ್ವೆಸ್ಟ್'ನ ಯೂಜಿ ಹೊರೀ, 'ಫೈನಲ್ ಫ್ಯಾಂಟಸಿ'ಯ ಹಿರೊನೊಬು ಸಕಾಗುಚಿ, 'ಡ್ರ್ಯಾಗನ್ ಬಾಲ್' ಬರೆದ ಅಕಿರಾ ತೊರಿಯಾಮಾ ಮೂವರೂ ಇದರಲ್ಲಿ ಕೂಡಿದ್ದರು. ನಾನು ಹುಟ್ಟುವುದಕ್ಕೂ ಮುಂಚಿನದು.

ಕಥೆಗೆ ಎರಡು ಸಾಲು ಸಾಕು. ಕ್ರಿ.ಶ. 1000ದ ಜಾತ್ರೆಯಲ್ಲಿ ಕ್ರೋನೋ ಎಂಬ ಹುಡುಗ ಒಬ್ಬಳಿಗೆ ಡಿಕ್ಕಿ ಹೊಡೆಯುತ್ತಾನೆ, ಅವಳು ರಾಜಕುಮಾರಿ. ಕಾಲದ ಬಾಗಿಲು ತೆರೆಯುತ್ತದೆ, 1999ರಲ್ಲಿ ನೆಲದಡಿಯಿಂದ ಎದ್ದು ಲೋಕವನ್ನೇ ಸುಡುವ ಲಾವೋಸ್ ಎಂಬ ಜೀವಿಯನ್ನು ತಡೆಯಲು ಗೆಳೆಯರು ಹೊರಡುತ್ತಾರೆ. ಇದನ್ನೇ ಕಾದಂಬರಿಯಾಗಿ ಕೊಟ್ಟಿದ್ದರೆ ನಾನು ಐವತ್ತು ಪುಟ ದಾಟುತ್ತಿರಲಿಲ್ಲ. ಇಂಥದ್ದನ್ನು 'ಸಾಹಿತ್ಯಕ್ಕೆ ಸಮ' ಎಂದು ಹೊಗಳುವವರು ಕಾದಂಬರಿಗೂ ಅನ್ಯಾಯ ಮಾಡುತ್ತಾರೆ, ಆಟಕ್ಕೂ.

ಅದೇ ಜಾತ್ರೆಯಲ್ಲಿ ಯಾರದೋ ಊಟದ ಪೊಟ್ಟಣವಿದೆ. ಹತ್ತಿರ ನಿಂತು ಗುಂಡಿ ಒತ್ತಿದರೆ ಕ್ರೋನೋ ತಿಂದುಬಿಡುತ್ತಾನೆ. ಈ ಜಾತಿಯ ಆಟಗಳಲ್ಲಿ ಕಂಡವರ ಮನೆಗೆ ನುಗ್ಗಿ ಪೆಟ್ಟಿಗೆ ತೆರೆದು ದೋಚುವುದು ಮಾಮೂಲು, ಯಾರೂ ಕೇಳುವುದಿಲ್ಲ. ಇಲ್ಲಿ ಕೇಳುತ್ತಾರೆ. ಎಷ್ಟೋ ಹೊತ್ತಿನ ಮೇಲೆ, ರಾಜಕುಮಾರಿಯನ್ನು ಅಪಹರಿಸಿದ ಆರೋಪದಲ್ಲಿ ಕ್ರೋನೋ ಕಟಕಟೆಗೆ ಬಂದಾಗ, ಊಟ ಕಳೆದುಕೊಂಡ ಮುದುಕ ಸಾಕ್ಷಿಗೆ ಹಾಜರು. ಪುಟ್ಟ ಹುಡುಗಿಯೊಬ್ಬಳ ಬೆಕ್ಕನ್ನು ಹುಡುಕಿಕೊಟ್ಟಿದ್ದರೆ ಅವಳೂ ಬರುತ್ತಾಳೆ, ನಮ್ಮ ಪರವಾಗಿ. ಡಿಕ್ಕಿಯಾದಾಗ ಮೊದಲು ಬಿದ್ದವಳ ಕಡೆ ಹೋದಿರೋ, ಅವಳ ಪದಕದ ಕಡೆಯೋ ಎಂಬುದನ್ನೂ ಕೋರ್ಟು ಮರೆತಿಲ್ಲ. ಕೊನೆಗೆ ನಿರ್ದೋಷಿ ಎಂದು ತೀರ್ಪಾದರೂ ಮಂತ್ರಿ ಮರಣದಂಡನೆಗೆ ಏರ್ಪಾಟು ಮಾಡಿಯೇ ಇರುತ್ತಾನೆ! ನ್ಯಾಯ, ಅಧಿಕಾರ ಎಂದು ಎಷ್ಟೋ ಸೆಮಿನಾರುಗಳಲ್ಲಿ ಕೂತಿದ್ದೇನೆ. ಅಲ್ಲಿ ಯಾರೂ ನನ್ನ ಬೆರಳನ್ನು ಸಾಕ್ಷಿಗೆ ಕರೆದಿರಲಿಲ್ಲ.

ಇನ್ನೊಂದು ಸಂದರ್ಭ. ಯಂತ್ರಗಳ ಹುಚ್ಚಿನ ಲೂಕಾ ಒಂದು ರಾತ್ರಿ ತನ್ನ ಬಾಲ್ಯದ ಮನೆಗೆ ಮರಳುತ್ತಾಳೆ. ಅಪ್ಪ ಮಾಡಿದ ಯಂತ್ರಕ್ಕೆ ಅಮ್ಮನ ಬಟ್ಟೆ ಸಿಕ್ಕಿಕೊಂಡಿದೆ. ನಿಲ್ಲಿಸಲು ಸಂಕೇತಪದ ಬೇಕು, ಸಮಯ ಇಲ್ಲ. ಆ ಪದ ಅಮ್ಮನ ಹೆಸರೇ, ಲಾರಾ. ಅದನ್ನು ಬರೆಯಬೇಕಿಲ್ಲ. ಕೈಯಲ್ಲಿರುವ ಕಂಟ್ರೋಲರಿನ ಮೇಲೆಯೇ ಎಲ್, ಎ, ಆರ್ ಗುಂಡಿಗಳಿವೆ: ಎಲ್, ಎ, ಆರ್, ಎ. ಒತ್ತಿದರೆ ಅಮ್ಮ ನಡೆಯುತ್ತಾಳೆ. ತಡವಾದರೆ ಜೀವನವಿಡೀ ಕುರ್ಚಿಯಲ್ಲೇ ಕೂತಿರುತ್ತಾಳೆ, ಆಟ ಏನೂ ಹೇಳದೆ ಮುಂದೆ ಹೋಗುತ್ತದೆ. ಇದನ್ನು ಯಾವ ಕಥಾಸಾರದಲ್ಲಿ ಹಿಡಿಯುತ್ತೀರಿ? ನಾನು ಈಗ ಬರೆದದ್ದರಲ್ಲೂ ಅದರ ಅರ್ಧ ಇಲ್ಲ.

ಹಾಗೆಂದು ಆಟದಲ್ಲಿ ಎಲ್ಲವೂ ಚೆಂದ ಎಂದಲ್ಲ. ಎಷ್ಟೋ ಕಾದಾಟಗಳು ಶುದ್ಧ ಬೇಸರ, ರಾಜಕುಮಾರಿಯನ್ನು ಬಿಡಿಸುವ ಹಳೇ ಚಾಳಿಯೂ ಇದೆ. ಇವುಗಳ ಬಗ್ಗೆ ಕಟುವಾಗಿ ಬರೆಯುವವರು ಬೇಕು. ಆದರೆ ಆಡಿ ಬರೆಯಲಿ. ನಮ್ಮಲ್ಲಿ ಗೇಮುಗಳನ್ನು ಬಯ್ಯುವವರು ಆಡಿರುವುದಿಲ್ಲ, ಹೊಗಳುವವರಲ್ಲಿ ಅರ್ಧ ಜನ ಯೂಟ್ಯೂಬಿನಲ್ಲಿ ಬೇರೆಯವರು ಆಡಿದ್ದನ್ನು ನೋಡಿ ಪ್ರಬಂಧ ಮಂಡಿಸುತ್ತಾರೆ. ಕೃತಿನಿಷ್ಠ ವಿಮರ್ಶೆ ಎಂದು ತರಗತಿಯಲ್ಲಿ ಪಾಠ ಹೇಳಿ, ಗೈಡು ಓದಿ ಕಾದಂಬರಿಯ ಮೇಲೆ ಬರೆದ ವಿದ್ಯಾರ್ಥಿಗೆ ಸೊನ್ನೆ ಹಾಕುವವರೇ ಇದಕ್ಕೆ ಚಪ್ಪಾಳೆ ತಟ್ಟುತ್ತಾರೆ. ಸಮಯ ಇಲ್ಲವಂತೆ. ಸಾವಿರ ಪುಟದ ಕಾದಂಬರಿಗೆ ಸಮಯವಿದೆ, ಇಪ್ಪತ್ತು ಗಂಟೆಯ ಆಟಕ್ಕೆ ಇಲ್ಲವೇ?

ನಾನೀಗ ಕ್ರೋನೋ ಸತ್ತ ಜಾಗದ ಆಚೆ ಇದ್ದೇನೆ. ಹೌದು, ನಾಯಕನೇ ಸಾಯುತ್ತಾನೆ, ಅದೂ ನಡುದಾರಿಯಲ್ಲಿ, ಅಲ್ಲಿಯವರೆಗೆ ಹೆಚ್ಚುಕಡಿಮೆ ಬಾಯಿಬಿಡದೆ ಇದ್ದವನು. ಅವನನ್ನು ಮರಳಿ ತರುವ ದಾರಿಯಿದೆ. ತರದೆಯೂ ಆಟ ಮುಗಿಸಬಹುದು, ಆಗ ಉಳಿದವರೇ ಲೋಕ ಉಳಿಸುತ್ತಾರೆ. ಯಾವುದು ಸರಿ ಎಂದು ಅದು ನನಗೆ ಹೇಳುತ್ತಿಲ್ಲ. ಮೂರು ದಿನದಿಂದ ಆ ಹಡಗನ್ನು ಅತ್ತಿತ್ತ ಹಾರಿಸುತ್ತಾ ಕೂತಿದ್ದೇನೆ.